ಹವಾಯಿ ನೋಡುವುದು ಹೇಗೆ: ಎಳೆಯ ದ್ವೀಪದಿಂದ ಹಳೆಯ ದ್ವೀಪಕ್ಕೆ

ಹವಾಯಿಗೆ ಹೊರಟವರು ಮೊದಲು ಕೇಳುವುದು ಒಂದೇ: "ಯಾವ ದ್ವೀಪಕ್ಕೆ ಹೋಗೋದು?" ನಾನು ಮೊದಲ ಸಲ ಹೋದಾಗ ಅದನ್ನೂ ಕೇಳಲಿಲ್ಲ. ಕ್ಯಾಲಿಫೋರ್ನಿಯಾದಿಂದ ಅಗ್ಗಕ್ಕೆ ಸಿಕ್ಕ ವಿಮಾನ ಹತ್ತಿ ಹೊನೊಲುಲುವಿನಲ್ಲಿ ಇಳಿದೆ, ಐದು ದಿನದಲ್ಲಿ ಮೂರು ದ್ವೀಪ ಓಡಾಡಿದೆ, ವಾಪಸ್ ಬಂದು ಫೋಟೋ ನೋಡಿದರೆ ಯಾವ ಬೀಚು ಯಾವ ದ್ವೀಪದ್ದು ಅಂತ ನನಗೇ ಗೊತ್ತಾಗಲಿಲ್ಲ. ಎರಡನೇ ಸಲ ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆ. ಈ ಸಲ ದ್ವೀಪಗಳನ್ನು ವಯಸ್ಸಿನ ಸಾಲಿನಲ್ಲಿ ನೋಡಿದೆವು, ಎಳೆಯದರಿಂದ ಹಳೆಯದಕ್ಕೆ. ಅಷ್ಟಕ್ಕೇ ಇಡೀ ಊರು ಬೇರೆಯೇ ಆಗಿ ಕಂಡಿತು. ಹಾಗಾಗಿ ಈಗ ಯಾರು ಕೇಳಿದರೂ ಇದೊಂದನ್ನೇ ಹೇಳುತ್ತೇನೆ.

ವಯಸ್ಸಿನ ವಿಷಯ ಹೀಗೆ. ಒಲೆ ಒಂದೇ ಕಡೆ ಉರಿಯುತ್ತಿದೆ, ಮೇಲಿನ ಹಂಚು ಮಾತ್ರ ನಿಧಾನಕ್ಕೆ ಸರಿಯುತ್ತಿದೆ ಅಂದುಕೊಳ್ಳಿ. ಭೂಮಿಯ ಒಳಗಿನ ಬಿಸಿ ಜಾಗ ಒಲೆ, ಪೆಸಿಫಿಕ್ ಸಾಗರದ ತಳದ ಶಿಲಾಫಲಕ ಹಂಚು. ಅದು ವರ್ಷಕ್ಕೆ 7ರಿಂದ 10 ಸೆಂಟಿಮೀಟರಿನಂತೆ ವಾಯವ್ಯಕ್ಕೆ ಜರುಗುತ್ತದೆ. ಒಲೆಯ ಮೇಲಿದ್ದಾಗ ದ್ವೀಪ ಬೆಳೆಯುತ್ತದೆ, ಅಲ್ಲಿಂದ ಸರಿದ ಮೇಲೆ ಬೆಂಕಿ ಆರುತ್ತದೆ, ಆಮೇಲೆ ಮಳೆ ಕೊರೆಯುತ್ತದೆ, ಭಾರಕ್ಕೆ ತಾನೇ ಕುಸಿಯುತ್ತದೆ, ಕೊನೆಗೆ ಹವಳದ ಉಂಗುರವಾಗಿ ಉಳಿದು ಮುಳುಗುತ್ತದೆ. ಆಗ್ನೇಯ ತುದಿಯ ದೊಡ್ಡ ದ್ವೀಪಕ್ಕೆ ಇನ್ನೂ 10 ಲಕ್ಷ ವರ್ಷ ತುಂಬಿಲ್ಲ. ಮೌಯಿಗೆ ಸುಮಾರು 10ರಿಂದ 20 ಲಕ್ಷ, ಓಆಹುಗೆ 30-40 ಲಕ್ಷ, ಕೌವಾಯಿಗೆ ಸುಮಾರು 50 ಲಕ್ಷ ವರ್ಷ. ದೊಡ್ಡ ದ್ವೀಪದ ಆಗ್ನೇಯಕ್ಕೆ ಕಡಲ ಒಳಗೆ ಇನ್ನೊಂದು ಮರಿ ಏಳುತ್ತಿದೆ. ಕಾಮಎಹುವಕನಲೋವಾ ಅಂತ ಅದಕ್ಕೆ ಈಗಾಗಲೇ ಹೆಸರಿಟ್ಟಿದ್ದಾರೆ. ಅದರ ನೆತ್ತಿ ನೀರಿನ ಮೇಲ್ಮೈಯಿಂದ ಇನ್ನೂ ಒಂದು ಕಿಲೋಮೀಟರಿನಷ್ಟು ಕೆಳಗಿದೆ. ಅಲ್ಲಿ ಯಾರೂ ಇನ್ನೂ ಹೋಟೆಲ್ ಕಟ್ಟಿಲ್ಲ, ಪುಣ್ಯ.

ಒಟ್ಟು ಹನ್ನೆರಡು ದಿನ ಇದ್ದರೆ ಸಾಕು. ನನ್ನ ಲೆಕ್ಕ: ದೊಡ್ಡ ದ್ವೀಪಕ್ಕೆ ಐದು, ಮೌಯಿಗೆ ಮೂರು, ಓಆಹುಗೆ ಒಂದು, ಕೌವಾಯಿಗೆ ಮೂರು. ಎಂಟೇ ದಿನ ಇದ್ದರೆ ಮಧ್ಯದ ಎರಡನ್ನು ಬಿಡಿ. ಮೊದಲನೆಯದು, ಕೊನೆಯದು ಎರಡೇ ನೋಡಿ. ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೋಗಬಹುದು ಅಂತ ಕನಸು ಕಾಣಬೇಡಿ. ಮೌಯಿ–ಲಾನಾಯಿ ನಡುವೆ ಬಿಟ್ಟರೆ ದಿನಾ ಓಡಾಡುವ ದೋಣಿ ಇಲ್ಲ. ಎಲ್ಲದಕ್ಕೂ ವಿಮಾನವೇ ಗತಿ, ಆದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಓಆಹುವಿನಲ್ಲಿ ಬಸ್ಸು ಚೆನ್ನಾಗಿದೆ, ಬೇರೆ ಕಡೆ ಬಾಡಿಗೆ ಕಾರು ಬೇಕೇ ಬೇಕು.

ಮಳೆ ಎಲ್ಲಿ, ಬಿಸಿಲು ಎಲ್ಲಿ

ಹೋಟೆಲ್ ಬುಕ್ ಮಾಡುವ ಮೊದಲೇ ಇದನ್ನು ತಿಳಿದುಕೊಳ್ಳಿ. ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಆಗುಂಬೆಯಲ್ಲಿ ಜಡಿಮಳೆ, ಚಿತ್ರದುರ್ಗದಲ್ಲಿ ಬಿಸಿಲು, ಅಲ್ವಾ? ಅಲ್ಲೂ ಅದೇ ಕತೆ, ದಿಕ್ಕು ಮಾತ್ರ ತಿರುಗಿದೆ. ನಮ್ಮಲ್ಲಿ ಮುಂಗಾರು ನೈಋತ್ಯದಿಂದ ಬಂದು ಘಟ್ಟಕ್ಕೆ ಬಡಿಯುತ್ತದೆ. ಅಲ್ಲಿ ಗಾಳಿ ವರ್ಷದ ಹೆಚ್ಚು ದಿನ ಈಶಾನ್ಯದಿಂದ ಬೀಸುತ್ತದೆ. ಹಾಗಾಗಿ ಪ್ರತಿ ದ್ವೀಪಕ್ಕೂ ಒಂದು ಒದ್ದೆ ಮಗ್ಗುಲು, ಒಂದು ಒಣ ಮಗ್ಗುಲು. ದೊಡ್ಡ ದ್ವೀಪದಲ್ಲಿ ಹಿಲೋ ಊರಿಗೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಬೆಟ್ಟದ ಆಚೆಯ ಕವಾಇಹಾಯೆ ಸುತ್ತ 300 ಮಿ.ಮೀ. ಕೂಡ ಇಲ್ಲ. ಎರಡಕ್ಕೂ ನಡುವೆ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ರೆಸಾರ್ಟುಗಳೆಲ್ಲ ಒಣ ಕಡೆ, ಜಲಪಾತಗಳೆಲ್ಲ ಒದ್ದೆ ಕಡೆ. "ಹವಾಯಿಯಲ್ಲಿ ನಾಳೆ ಮಳೆಯಂತೆ" ಅಂತ ಫೋನು ತೋರಿಸಿದರೆ ಕೂತು ಕೊರಗಬೇಡಿ, ಕಾರು ಹತ್ತಿ ಆ ಕಡೆಗೆ ಹೋಗಿ.

ದಾರಿ ಕೇಳಿದರೆ ಅಲ್ಲಿನವರು ಪೂರ್ವ ಪಶ್ಚಿಮ ಅನ್ನುವುದಿಲ್ಲ. ಮೌಕಾ ಅಂದರೆ ಬೆಟ್ಟದ ಕಡೆ, ಮಕಾಯಿ ಅಂದರೆ ಕಡಲ ಕಡೆ. "ಅಂಗಡಿ ರಸ್ತೆಯ ಮಕಾಯಿ ಬದಿಗೆ" ಅನ್ನುತ್ತಾರೆ. ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ ಮಾತಾಡಿ ಬೆಳೆದ ನನಗೆ ಇದು ಅರ್ಧ ದಿನದಲ್ಲಿ ಬಾಯಿಗೆ ಬಂತು. ಭಾಷೆಯ ಬಗ್ಗೆ ಇನ್ನೊಂದು ಮಾತು. ಹವಾಯಿ ಭಾಷೆಯನ್ನು ಬರೆಯಲು 13 ಅಕ್ಷರ ಸಾಕು, ಐದು ಸ್ವರ, ಎಂಟು ವ್ಯಂಜನ. ಸ್ವರಗಳಲ್ಲಿ ಹ್ರಸ್ವ ದೀರ್ಘ ಇದೆ, ಅದು ಬದಲಾದರೆ ಅರ್ಥವೂ ಬದಲಾಗುತ್ತದೆ. ಕನ್ನಡ ಬಲ್ಲವರಿಗೆ ಸುಲಭ. ಕಂಡ ಹಾಗೆ ಬಿಡಿಸಿ ಓದಿ, ಅವಸರಪಡಬೇಡಿ. ವಾಇ ಅಂದರೆ ನೀರು, ವಾಇವಾಇ ಅಂದರೆ ಸಂಪತ್ತು. ನೀರನ್ನು ಎರಡು ಸಲ ಹೇಳಿದರೆ ಸಿರಿತನ!

ದೊಡ್ಡ ದ್ವೀಪ: ಇಲ್ಲಿಂದ ಶುರು ಮಾಡಿ

ಇದರ ನಿಜವಾದ ಹೆಸರೇ ಹವಾಯಿ. ಗೊಂದಲ ಬೇಡ ಅಂತ ಎಲ್ಲರೂ ಬಿಗ್ ಐಲ್ಯಾಂಡ್ ಅನ್ನುತ್ತಾರೆ. ಹೆಚ್ಚುಕಮ್ಮಿ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು ದೊಡ್ಡದು, ಉಳಿದ ದ್ವೀಪಗಳನ್ನೆಲ್ಲ ಸೇರಿಸಿದರೂ ಇದರ ಸಮಕ್ಕೆ ಬರುವುದಿಲ್ಲ. ಐದು ಜ್ವಾಲಾಮುಖಿಗಳು ಒಂದರ ಮೈಮೇಲೆ ಒಂದು ಸುರಿದು ಆದ ನೆಲ. ಮೊದಲ ಎರಡು ರಾತ್ರಿ ಹಿಲೋ ಕಡೆ ಅಥವಾ ವಾಲ್ಕೇನೋ ಅನ್ನುವ ಹಳ್ಳಿಯಲ್ಲಿ ಉಳಿಯಿರಿ. ಹಿಲೋದಲ್ಲಿ ರಾತ್ರಿ "ಕೋ-ಕೀ, ಕೋ-ಕೀ" ಅಂತ ಕಿವಿ ಕೊರೆಯುವ ಸದ್ದು ಕೇಳಿದರೆ ಹೆದರಬೇಡಿ. ಪೋರ್ಟೊರಿಕೊದಿಂದ ಗಿಡದ ಕುಂಡಗಳ ಜೊತೆ ಬಂದು ಸೇರಿಕೊಂಡ ಪುಟ್ಟ ಕಪ್ಪೆ ಅದು.

ಕೀಲವೇಯಾ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದ ಒಳಗಿದೆ. 1983ರಿಂದ 2018ರವರೆಗೆ ಇದು ಹೆಚ್ಚುಕಮ್ಮಿ ಬಿಡದೆ ಹರಿಯಿತು. 2018ರ ಮೇ ತಿಂಗಳಲ್ಲಿ ಬೆಟ್ಟದ ಕೆಳಗಿನ ಪೂನಾ ಅನ್ನುವ ಪ್ರದೇಶದಲ್ಲಿ ಜನ ವಾಸವಿದ್ದ ಬಡಾವಣೆಯಲ್ಲೇ ನೆಲ ಬಿರಿದು ಸುಮಾರು 700 ಮನೆ ಹೋದವು. 2024ರ ಡಿಸೆಂಬರ್ 23ರಿಂದ ಶಿಖರದ ಹಲೆಮವುಮವು ಕುಳಿಯಲ್ಲಿ ಬಿಟ್ಟು ಬಿಟ್ಟು ಲಾವಾ ಕಾರಂಜಿ ಏಳತೊಡಗಿತು. 2025ರಲ್ಲಿ 30ಕ್ಕೂ ಹೆಚ್ಚು ಸಲ ಎದ್ದಿದೆ. ಆದರೆ ಒಂದೊಂದು ಸಲದ ಆಟ ಕೆಲವು ಗಂಟೆ ಮಾತ್ರ, ನಡುವೆ ದಿನಗಟ್ಟಲೆ ಸುಮ್ಮನಿರುತ್ತದೆ. ಹಾಗಾಗಿ ಲಾವಾ ನೋಡಲೆಂದೇ ರಜೆ ಹಾಕಬೇಡಿ. ಅಮೆರಿಕದ ಭೂವಿಜ್ಞಾನ ಇಲಾಖೆ ದಿನಾ ಅಲ್ಲಿನ ಸ್ಥಿತಿ ಬರೆಯುತ್ತದೆ, ನೇರ ಕ್ಯಾಮೆರಾ ಕೂಡ ಇದೆ. ಅದನ್ನು ನೋಡಿಕೊಂಡು, ಎದ್ದ ದಿನ ಬೇರೆಲ್ಲ ಬಿಟ್ಟು ಓಡಿ. ಉದ್ಯಾನ ರಾತ್ರಿಯೂ ತೆರೆದಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೋದರೆ ಜನ ಕಮ್ಮಿ, ಕತ್ತಲಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ. ಸ್ವೆಟರ್ ಬೇಕು, 1,200 ಮೀಟರ್ ಎತ್ತರ ಅದು. ನಾವು ಹೋದಾಗ ಕಾರಂಜಿ ಸಿಗಲಿಲ್ಲ, ಕುಳಿಯಿಂದ ಹೊಗೆ ಏಳುವುದು ಮಾತ್ರ ಸಿಕ್ಕಿತು. ಅಮ್ಮನಿಗೆ ಅಷ್ಟೇ ಸಾಕಾಯಿತು. "ಹಂಡೆ ಒಲೆ ಹಾಗೆ ಕಾಣ್ತದೆ" ಅಂದರು.

ದಮ್ಮು, ಆಸ್ತಮಾ ಇರುವವರು ಎಚ್ಚರ. ಗಂಧಕದ ಹೊಗೆ ಗಾಳಿಯಲ್ಲಿ ಸೇರಿ ಮಬ್ಬು ಕವಿಯುತ್ತದೆ, ಅದಕ್ಕೆ ಅಲ್ಲಿ ವಾಗ್ ಅನ್ನುತ್ತಾರೆ. ನೆಲದ ಮೇಲೆ ಹೊಂಬಣ್ಣದ ಕೂದಲಿನಂಥ ಎಳೆಗಳು ಕಂಡರೆ ಮುಟ್ಟಬೇಡಿ. ಜ್ವಾಲಾಮುಖಿಯ ದೇವಿ ಪೇಲೆಯ ಕೂದಲು ಅಂತ ಹೆಸರು, ನಿಜಕ್ಕೂ ಗಾಜಿನ ಎಳೆ, ಬೆರಳಿಗೆ ಚುಚ್ಚಿಕೊಂಡರೆ ಹೊರಗೆ ಬರುವುದಿಲ್ಲ.

ಉದ್ಯಾನದಲ್ಲಿ ಒಂದೇ ದಾರಿ ನಡೆಯಲು ಆಗುವುದಾದರೆ ಕೀಲವೇಯಾ ಈಕಿ ನಡೆಯಿರಿ. ಐದು ಕಿಲೋಮೀಟರಿನ ಸುತ್ತು. 1959ರಲ್ಲಿ ಇಲ್ಲಿ ಲಾವಾ 580 ಮೀಟರ್ ಎತ್ತರಕ್ಕೆ ಚಿಮ್ಮಿತ್ತು, ಕುಳಿಯ ತುಂಬ ಲಾವಾದ ಕೆರೆಯಾಗಿತ್ತು. ಈಗ ಆ ಕೆರೆಯ ಹೆಪ್ಪಿನ ಮೇಲೆ ನೀವು ನಡೆಯುತ್ತೀರಿ, ಅಲ್ಲಲ್ಲಿ ಬಿರುಕಿನಿಂದ ಬಿಸಿ ಹಬೆ ಬರುತ್ತದೆ.

ನಡೆಯುವಾಗ ಎರಡು ಬಗೆಯ ಕಲ್ಲು ಗುರುತಿಸಲು ಕಲಿಯಿರಿ. ಗಂಜಿ ಕೆನೆಗಟ್ಟಿದ ಹಾಗೆ, ಹಗ್ಗ ಸುತ್ತಿದ ಹಾಗೆ ನುಣುಪಾಗಿರುವುದು ಪಾಹೊಯ್‌ಹೊಯ್. ಪುಡಿಪುಡಿಯಾಗಿ, ಮುಳ್ಳಿನ ರಾಶಿಯಂತೆ ಇರುವುದು ಅಆ. ಹೌದು, ನಾವು ಸ್ಲೇಟಿನ ಮೇಲೆ ತಿದ್ದಿದ ಮೊದಲ ಎರಡು ಅಕ್ಷರ! ಎರಡೂ ಅದೇ ಲಾವಾ. ನಿಧಾನಕ್ಕೆ, ಬಿಸಿ ಉಳಿಸಿಕೊಂಡು ಹರಿದರೆ ನುಣುಪು. ಇಳಿಜಾರಲ್ಲಿ ಜೋರಾಗಿ ಓಡಿ, ತಣಿದು, ಅನಿಲ ಕಳೆದುಕೊಂಡರೆ ಚೂರುಚೂರು. ಈ ಎರಡು ಹವಾಯಿ ಶಬ್ದಗಳನ್ನೇ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಸುಮಾರು 6.6 ಕೋಟಿ ವರ್ಷದ ಲಾವಾ ಕಲ್ಲಿನ ಬಗ್ಗೆ ಬರೆಯುವಾಗಲೂ. ನಾನು ಮೊದಲ ಪ್ರವಾಸದಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಹವಾಯಿಯಲ್ಲಿ ನಡೆಯುವುದು ತಮಾಷೆ ಅಂದುಕೊಂಡು ಅಆ ಮೇಲೆ ಕಾಲಿಟ್ಟೆ, ಜಾರಿದೆ, ಅಂಗೈ ಊರಿದೆ. ತುರಿಮಣೆಗೆ ಕೈ ಉಜ್ಜಿದ ಹಾಗೆ ಆಯಿತು. ಗಟ್ಟಿ ಅಟ್ಟೆಯ ಷೂ, ಉದ್ದ ಪ್ಯಾಂಟು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಕಪ್ಪು ಕಲ್ಲಿನ ಮೇಲೆ ನೆರಳೇ ಇಲ್ಲ.

ಬಿರುಕುಗಳಲ್ಲಿ ಮೊದಲು ಏಳುವ ಮರ ಓಹಿಯಾ. ಕೆಂಪು ಕುಚ್ಚಿನ ಹೂವು, ಹೆಸರು ಲೆಹುವಾ. ಓಹಿಯಾ ಎಂಬ ಚೆಲುವನನ್ನು ಜ್ವಾಲಾಮುಖಿಯ ದೇವಿ ಪೇಲೆ ಬಯಸಿದಳಂತೆ. ಅವನಿಗೆ ಲೆಹುವಾ ಮೇಲೆ ಮನಸ್ಸು. ಪೇಲೆ ಸಿಟ್ಟಿಗೆ ಅವನನ್ನು ಸೊಟ್ಟ ಮರ ಮಾಡಿದಳು, ಬೇರೆ ದೇವರುಗಳು ಮರುಕಪಟ್ಟು ಲೆಹುವಾಳನ್ನು ಅದೇ ಮರದ ಹೂವು ಮಾಡಿದರು. ಹೂವು ಕಿತ್ತರೆ ಮಳೆ ಬರುತ್ತದೆ ಅನ್ನುತ್ತಾರೆ, ಜೋಡಿ ಅಗಲಿಸಿದ ಕಣ್ಣೀರು. ಈಗ ಆ ಮರಕ್ಕೆ ಒಂದು ಶಿಲೀಂಧ್ರ ರೋಗ ಬಡಿದಿದೆ, ಹಸಿರಾಗಿದ್ದ ಮರ ಕೆಲವೇ ವಾರದಲ್ಲಿ ಒಣಗುತ್ತದೆ. ಅದಕ್ಕೇ ದಾರಿಯ ಬಾಯಲ್ಲಿ ಷೂ ಉಜ್ಜುವ ಬ್ರಷ್ಷು, ಸಿಂಪಡಿಸಲು ಆಲ್ಕೊಹಾಲ್ ಇಟ್ಟಿರುತ್ತಾರೆ. ಯಾರೂ ನೋಡುತ್ತಿಲ್ಲ ಅಂತ ಬಿಟ್ಟು ಹೋಗಬೇಡಿ, ಒಳಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಅಡಿಕೆಗೆ ಕೊಳೆ ರೋಗ ಕಂಡ ನಮ್ಮ ಅಪ್ಪ ಯಾರೂ ಹೇಳದೆಯೇ ಅಟ್ಟೆಯ ಸಂದಿಯನ್ನೂ ಕಡ್ಡಿಯಲ್ಲಿ ಕೆರೆದರು.

ಕಲ್ಲು, ಮರಳು ಜೇಬಿಗೆ ಹಾಕಬೇಡಿ. ಉದ್ಯಾನದಲ್ಲಿ ಅದು ಕಾನೂನಿಗೆ ವಿರುದ್ಧ. ತಂದವರಿಗೆ ಪೇಲೆಯ ಶಾಪ ತಟ್ಟುತ್ತದೆ ಅನ್ನುವ ಮಾತೂ ಇದೆ, ಹೆದರಿದವರು ಪೋಸ್ಟಿನಲ್ಲಿ ಕಲ್ಲು ವಾಪಸ್ ಕಳಿಸುತ್ತಾರೆ. ಮರಳಿನ ಬಣ್ಣ ನೋಡಿ ಸಂತೋಷಪಡಿ, ಸಾಕು. ಪುನಲುವಿನಲ್ಲಿ ಕಪ್ಪು, ಬಿಸಿ ಲಾವಾ ಕಡಲಿಗೆ ಬಿದ್ದು ಸಿಡಿದು ಆದದ್ದು. ಪಾಪಕೋಲೇಯಾದಲ್ಲಿ ಹಸಿರು, ಆಲಿವೀನ್ ಎಂಬ ಖನಿಜದ ಹರಳು. ಉಳಿದ ಕಡೆ ಬಿಳಿ, ಅದರಲ್ಲಿ ಒಳ್ಳೆಯ ಪಾಲು ಹವಳ ಕಚ್ಚಿ ತಿನ್ನುವ ಗಿಳಿಮೀನು ಹಿಂದಿನಿಂದ ಬಿಟ್ಟದ್ದು. ಹನಿಮೂನಿಗೆ ಹೋದವರಿಗೆ ಇದನ್ನು ಹೇಳಬೇಡಿ. ಪುನಲುವಿನಲ್ಲಿ ದಡಕ್ಕೆ ಬಂದು ಮಲಗುವ ದೊಡ್ಡ ಆಮೆಗಳಿಂದ ಮೂರು ಮೀಟರ್ ದೂರ ನಿಲ್ಲಿ.

ಮೂರನೇ ದಿನ ಬೆಟ್ಟಗಳ ನಡುವಿನ ರಸ್ತೆ ಹಿಡಿದು ಕೋನಾ ಕಡೆಗೆ ಹೋಗಿ. ಎಡಕ್ಕೆ ಮೌನಾ ಲೋವಾ, 38 ವರ್ಷ ಸುಮ್ಮನಿದ್ದು 2022ರ ನವೆಂಬರಿನಲ್ಲಿ ಸಿಡಿದದ್ದು. ಬಲಕ್ಕೆ ಮೌನಾ ಕೇಯಾ, 4,207 ಮೀಟರ್. ಕಡಲ ತಳದಿಂದ ಅಳೆದರೆ 10,000 ಮೀಟರಿಗೂ ಜಾಸ್ತಿ, ಎವರೆಸ್ಟಿಗಿಂತ ಎತ್ತರ. ಮೌನಾ ಅಂದರೆ ಅವರ ಭಾಷೆಯಲ್ಲಿ ಬೆಟ್ಟ. ನೋಡಿದರೆ ಅಷ್ಟು ಎತ್ತರ ಅನ್ನಿಸುವುದೇ ಇಲ್ಲ, ತಟ್ಟೆ ಬೋರಲು ಹಾಕಿದ ಹಾಗೆ ಹರಡಿಕೊಂಡಿವೆ. ತೆಳು ಲಾವಾ ದೂರದೂರ ಹರಿದು ಆದ ಬೆಟ್ಟಗಳು, ಅದಕ್ಕೆ.

ಮೌನಾ ಕೇಯಾ ಹತ್ತುವವರು 2,800 ಮೀಟರಿನ ಸಂದರ್ಶಕರ ಕೇಂದ್ರದಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಬೇಕು. ಅಲ್ಲಿಂದ ಮೇಲೆ ಫೋರ್ ವೀಲ್ ಡ್ರೈವ್ ಗಾಡಿಗೆ ಮಾತ್ರ ದಾರಿ, ಚಿಕ್ಕ ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಹೋಗಬಾರದು. ನಾವು ಅಪ್ಪನ ಬಿಪಿ ನೆನೆದು ಕೇಂದ್ರದಲ್ಲೇ ಉಳಿದೆವು. ನಕ್ಷತ್ರಕ್ಕೆ ಅಷ್ಟು ಎತ್ತರವೇ ಧಾರಾಳ. ಈ ಬೆಟ್ಟ ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರ. 30 ಮೀಟರ್ ಅಗಲದ ದೂರದರ್ಶಕ ಕಟ್ಟಲು ಹೊರಟಾಗ 2019ರಲ್ಲಿ ಹಿರಿಯರು ರಸ್ತೆಗೆ ಅಡ್ಡ ಕೂತರು, ಕೆಲಸ ನಿಂತಿತು. ಈ ಯೋಜನೆಯಲ್ಲಿ ಭಾರತವೂ ಪಾಲುದಾರ. ನಮ್ಮ ಪಾಲಿನ ಕೆಲಸ ನೋಡಿಕೊಳ್ಳುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ಕನ್ನಡಿಯ ತುಂಡುಗಳಿಗೆ ಹೊಳಪು ಕೊಡುವ ಘಟಕ ಇರುವುದು ಹೊಸಕೋಟೆಯಲ್ಲಿ. ಹಾಗಾಗಿ ಅಲ್ಲಿ ಯಾರಾದರೂ ಈ ಮಾತು ತೆಗೆದರೆ ವಿಜ್ಞಾನದ ಭಾಷಣ ಬಿಗಿಯಬೇಡಿ, ಸುಮ್ನೆ ಕೇಳಿಸಿಕೊಳ್ಳಿ.

ಕೋನಾದಲ್ಲಿ ಕಾಫಿ. 1828ರಿಂದ ಬೆಳೆಯುತ್ತಿದ್ದಾರೆ. ಚಿಕ್ಕಮಗಳೂರು, ಕೊಡಗಿನವರು ನೋಡಿದರೆ "ಮರವೇ ಇಲ್ಲದ ತೋಟವಾ?" ಅನ್ನುತ್ತಾರೆ. ಮಧ್ಯಾಹ್ನ ಆಗುತ್ತಿದ್ದಂತೆ ಬೆಟ್ಟದ ಮೇಲೆ ಮೋಡ ಬಂದು ಕೂರುತ್ತದೆ, ಆ ನೆರಳೇ ಗಿಡಕ್ಕೆ ಸಾಕು. ಕೊಳ್ಳುವಾಗ ಪೊಟ್ಟಣದ ಸಣ್ಣಕ್ಷರ ಓದಿ. ಬ್ಲೆಂಡ್ ಅಂತಿದ್ದರೆ ಅದರಲ್ಲಿ ಕೋನಾ ಕಾಫಿ ಹತ್ತರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. 100 ಪರ್ಸೆಂಟ್ ಅಂತಿದ್ದದ್ದನ್ನೇ, ಸಾಧ್ಯವಾದರೆ ತೋಟಕ್ಕೇ ಹೋಗಿ, ತೆಗೆದುಕೊಳ್ಳಿ.

ಮೌಯಿ, ಮತ್ತು ಭಾರತದಿಂದ ಹೋದವರು

ಮೌಯಿಯಲ್ಲಿ ಬೆಂಕಿ ಇನ್ನೂ ಪೂರ್ತಿ ಆರಿಲ್ಲ, ನಿದ್ದೆಯಲ್ಲಿದೆ. ಹಾಲೇಯಕಲಾ ಶಿಖರ 3,055 ಮೀಟರ್. ಸೂರ್ಯೋದಯ ನೋಡಬೇಕಾದರೆ ಕಾರಿಗೆ ಮೊದಲೇ ಬುಕಿಂಗ್ ಮಾಡಬೇಕು, 60 ದಿನ ಮುಂಚೆ ತೆರೆಯುತ್ತದೆ. ಸಿಗದಿದ್ದರೆ ಸೂರ್ಯಾಸ್ತಕ್ಕೆ ಹೋಗಿ, ಬುಕಿಂಗ್ ಬೇಡ, ನಿದ್ದೆಯೂ ಉಳಿಯುತ್ತದೆ. ನನ್ನನ್ನು ಕೇಳಿದರೆ ಅದೇ ಮೇಲು. ಅಲ್ಲಿ ಬೆಳ್ಳಿ ಕತ್ತಿಯಂಥ ಎಲೆಗಳ ಆಹಿನಹಿನ ಗಿಡ ಇದೆ. ಹತ್ತಾರು ವರ್ಷ ಬದುಕಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಹತ್ತಿರ ಹೋಗಿ ಮಣ್ಣು ತುಳಿದರೂ ಅದರ ಬೇರಿಗೆ ಪೆಟ್ಟು, ದಾರಿ ಬಿಟ್ಟು ಇಳಿಯಬೇಡಿ.

ಹಾನಾ ರಸ್ತೆ ಎಲ್ಲರೂ ಹೇಳುವಂಥದ್ದು. 600ಕ್ಕೂ ಹೆಚ್ಚು ತಿರುವು, 59 ಸೇತುವೆ, ಹೆಚ್ಚಿನವು ಒಂದೇ ಗಾಡಿ ಹೋಗುವಷ್ಟು ಅಗಲ. ಆಗುಂಬೆ ಘಾಟಿಯ 14 ತಿರುವಿಗೇ ನಿಂಬೆಹಣ್ಣು ಮೂಸುವವರು ಯೋಚಿಸಿ. ಹಿಂದಿನ ಗಾಡಿ ಊರಿನವರದ್ದಾಗಿದ್ದರೆ ಬದಿಗೆ ನಿಲ್ಲಿಸಿ ದಾರಿ ಬಿಡಿ. ಅವರು ಕೆಲಸಕ್ಕೆ ಹೋಗುತ್ತಿರುತ್ತಾರೆ, ನೀವು ರಜೆಯಲ್ಲಿದ್ದೀರಿ. ಡಿಸೆಂಬರಿನಿಂದ ಏಪ್ರಿಲ್ ನಡುವೆ ಹೋದರೆ ಇದೆಲ್ಲಕ್ಕಿಂತ ತಿಮಿಂಗಿಲ ದೊಡ್ಡದು. ಅಲಾಸ್ಕಾದಿಂದ ಮರಿ ಹಾಕಲು ಇಲ್ಲಿಗೆ ಬರುತ್ತವೆ. ದೋಣಿಯ ದುಡ್ಡೂ ಬೇಡ, ದಡದಲ್ಲಿ ಕೂತರೆ ನೀರು ಚಿಮ್ಮುವುದು ಕಾಣುತ್ತದೆ.

ಲಹೈನಾ ಒಂದು ಕಾಲದಲ್ಲಿ ಹವಾಯಿ ಅರಸರ ರಾಜಧಾನಿ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಊರು ಸುಟ್ಟು 102 ಜನ ತೀರಿಕೊಂಡರು. ಆ ಊರಿನ ನಡುವೆ ಒಂದು ಆಲದ ಮರ ಇದೆ, ಭಾರತದಿಂದ ತಂದ ಸಸಿ, 1873ರಲ್ಲಿ ನೆಟ್ಟದ್ದು. ಬಿಳಲು ಇಳಿಸಿ ಇಡೀ ಚೌಕವನ್ನೇ ಆವರಿಸಿತ್ತು. ಅದೂ ಸುಟ್ಟು ಕರಕಲಾಯಿತು, ಜನ ನೀರು ಹೊತ್ತು ಹಾಕಿದರು, ಕೆಲವು ವಾರಕ್ಕೆ ಚಿಗುರಿತು. ಆ ಕಡೆ ಹೋದರೆ ಸುಟ್ಟ ಮನೆಗಳ ಫೋಟೋ ತೆಗೆಯಬೇಡಿ. ಸಾವಿನ ಮನೆಯಲ್ಲಿ ಹೇಗಿರುತ್ತೀರೋ ಹಾಗಿರಿ.

ನಮ್ಮ ಕಡೆಯಿಂದ ಹೋದವರು ಇನ್ನೂ ಇದ್ದಾರೆ, ಅವರು ಅಷ್ಟು ಒಳ್ಳೆಯ ಹೆಸರು ಮಾಡಿಲ್ಲ. ಹುಳು ತಿನ್ನಲಿ ಅಂತ 1865ರಲ್ಲಿ ಗೊರವಂಕ ತಂದರು. ಈಗ ಪ್ರತಿ ಪಾರ್ಕಿಂಗ್ ಜಾಗದಲ್ಲೂ ಅದೇ ಜಗಳ. 1883ರಲ್ಲಿ ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ ಮುಂಗುಸಿ ತಂದರು, ಭಾರತದಿಂದ ಜಮೈಕಾಕ್ಕೆ ಹೋಗಿದ್ದನ್ನು ಅಲ್ಲಿಂದ ಇಲ್ಲಿಗೆ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಓಡಾಡುವುದು ಹಗಲು. ಇಲಿ ಹಾಗೇ ಉಳಿಯಿತು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಹೋಯಿತು. ಆ ನಾಡಿನ ಹೆಬ್ಬಾತು ನೇನೇ 20ನೇ ಶತಮಾನದ ನಡುವೆ ಸುಮಾರು 30ಕ್ಕೆ ಇಳಿದಿತ್ತು. ಸಾಕಿ ಬಿಟ್ಟು ಬಿಟ್ಟು ಈಗ 3,000 ದಾಟಿಸಿದ್ದಾರೆ. ರಸ್ತೆ ದಾಟುತ್ತಿದ್ದರೆ ಕಾರು ನಿಲ್ಲಿಸಿ, ಏನನ್ನೂ ತಿನ್ನಿಸಬೇಡಿ.

ಓಆಹುಗೆ ಒಂದು ದಿನ ಕೊಟ್ಟರೆ ಇಯೊಲಾನಿ ಅರಮನೆಗೆ ಕೊಡಿ. ವೈಕೀಕಿ ಬೀಚು ಎಲ್ಲೂ ಓಡಿಹೋಗುವುದಿಲ್ಲ. ವೈಟ್ ಹೌಸಿಗಿಂತ ಮೊದಲೇ ಕರೆಂಟು ದೀಪ ಕಂಡ ಅರಮನೆ ಇದು. 1893ರಲ್ಲಿ ಲಿಲಿಉಒಕಲಾನಿ ರಾಣಿಯನ್ನು ಪಟ್ಟದಿಂದ ಇಳಿಸಿದರು, 1895ರಲ್ಲಿ ಇದೇ ಅರಮನೆಯ ಕೋಣೆಯಲ್ಲಿ ಕೂಡಿಹಾಕಿದರು. 1898ರಲ್ಲಿ ಅಮೆರಿಕ ನುಂಗಿಕೊಂಡಿತು, 1959ರಲ್ಲಿ ರಾಜ್ಯವಾಯಿತು. ಶಾಲೆಯಲ್ಲಿ ಅವರ ಭಾಷೆ ನಿಂತುಹೋಗಿ, 1978ರಲ್ಲಿ ಮತ್ತೆ ಅಧಿಕೃತ ಭಾಷೆಯ ಸ್ಥಾನ ಬಂತು. ಈ ಕತೆ ಗೊತ್ತಿದ್ದರೆ ಅಲ್ಲಿ ವಾಸವಾಗಿರುವ ಎಲ್ಲರನ್ನೂ "ಹವಾಯಿಯನ್" ಅನ್ನುವುದಿಲ್ಲ ನೀವು. ಆ ಹೆಸರು ಮೂಲನಿವಾಸಿ ಮನೆತನದವರಿಗೆ ಮಾತ್ರ. ಕೊರಳಿಗೆ ಲೇಯಿ ಹಾರ ಹಾಕಿದರೆ ಬೇಡ ಅನ್ನಬೇಡಿ, ಕೊಟ್ಟವರ ಎದುರೇ ತೆಗೆಯಬೇಡಿ. ಕಪು ಎಂಬ ಬೋರ್ಡು ಕಂಡರೆ ಒಳಗೆ ಹೋಗಬಾರದು ಅಂತ ಅರ್ಥ, ಇನ್‌ಸ್ಟಾಗ್ರಾಮಿನಲ್ಲಿ ಯಾರು ಹೋಗಿರಲಿ. ಡೈಮಂಡ್ ಹೆಡ್ ಹತ್ತಲು, ಹನವುಮಾ ಕೊಲ್ಲಿಯಲ್ಲಿ ಮೀನು ನೋಡಲು ಹೊರಗಿನವರಿಗೆ ಮೊದಲೇ ಬುಕಿಂಗ್ ಬೇಕು. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರಿಂದ ನಿಲ್ಲಿಸಿದ್ದಾರೆ, ಜಿಂಕ್ ಆಕ್ಸೈಡ್ ಇರುವುದನ್ನು ಒಯ್ಯಿರಿ.

ಉಳಿದ ನಾಲ್ಕರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನೀಹಾವು ಒಂದೇ ಕುಟುಂಬದ ಸ್ವತ್ತು, ಕಾಹೋಲಾವೆ ದಶಕಗಟ್ಟಲೆ ಸೇನೆಯ ಬಾಂಬ್ ಅಭ್ಯಾಸದ ಜಾಗವಾಗಿತ್ತು, ಎರಡಕ್ಕೂ ಸುಮ್ಮನೆ ಹೋಗಿ ಬರುವ ಹಾಗಿಲ್ಲ. ಲಾನಾಯಿ ಹೆಚ್ಚುಕಮ್ಮಿ ಪೂರ್ತಿ ಒಬ್ಬ ಶ್ರೀಮಂತನ ಕೈಯಲ್ಲಿದೆ. ಮೊಲೊಕಾಯಿಗೆ ಪ್ರವಾಸಿಗರ ಗದ್ದಲ ಬೇಡ, ಅಲ್ಲಿನ ಜನ ಅದನ್ನು ಮುಚ್ಚಿಡುವುದೂ ಇಲ್ಲ.

ಕೌವಾಯಿ: ಮಳೆ ಕೆತ್ತಿದ ದ್ವೀಪ

ದೊಡ್ಡ ದ್ವೀಪ ನೋಡಿ ಇಲ್ಲಿಗೆ ಬಂದರೆ ತಲೆಯಲ್ಲಿ ಏನೋ ಬೆಳಕು ಹತ್ತುತ್ತದೆ. ಅದೇ ಕರಿಕಲ್ಲು, 50 ಲಕ್ಷ ವರ್ಷ ಮಳೆಯಲ್ಲಿ ನಿಂತರೆ ಹೀಗಾಗುತ್ತದೆ! ವೈಮೇಯಾ ಕಣಿವೆಯ ಅಂಚಿನಲ್ಲಿ ನಿಂತಾಗ ಅಪ್ಪ "ಇದು ನಮ್ಮ ಕೆಮ್ಮಣ್ಣು" ಅಂದರು. ಕಲ್ಲಿನಲ್ಲಿದ್ದ ಕಬ್ಬಿಣ ತುಕ್ಕು ಹಿಡಿದ ಬಣ್ಣ. ಕಣಿವೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಆಳ. ದ್ವೀಪದ ನಡುವಿನ ವಾಯಲೇಯಲೇ ಶಿಖರಕ್ಕೆ ವರ್ಷಕ್ಕೆ 9 ಮೀಟರಿಗೂ ಹೆಚ್ಚು ಮಳೆ, ಆಗುಂಬೆಯೂ ಸೋತಿತು. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಗೆ ಮೋಡ ಪರದೆ ಎಳೆದುಬಿಡುತ್ತದೆ. ಉತ್ತರ ತುದಿಯ ಹಾಯೆನಾ ಉದ್ಯಾನಕ್ಕೆ ಬುಕಿಂಗ್ ಇಲ್ಲದೆ ಬಿಡುವುದಿಲ್ಲ, 30 ದಿನ ಮುಂಚೆ ತೆರೆಯುತ್ತದೆ, ಬೇಗ ಮುಗಿಯುತ್ತದೆ. ಚಳಿಗಾಲದಲ್ಲಿ ಆ ಕಡೆಯ ಕಡಲಿಗೆ ಇಳಿಯಲೇಬೇಡಿ, ದಡದಲ್ಲಿ ನಿಂತಾಗಲೂ ಅಲೆಗೆ ಬೆನ್ನು ಕೊಡಬೇಡಿ.

ಹನಲೇಯಿ ಕಣಿವೆಯ ಮೇಲಿನ ತಿರುವಿನಲ್ಲಿ ಕಾರು ನಿಲ್ಲಿಸಿದಾಗ ಅಮ್ಮ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಕೆಳಗೆ ಭತ್ತದ ಗದ್ದೆಯ ಹಾಗೆ ಬದು ಕಟ್ಟಿ ನೀರು ನಿಲ್ಲಿಸಿದ್ದಾರೆ, ಆದರೆ ನಿಂತಿರುವುದು ಕೆಸು. ಸಾಲುಸಾಲು ಕೆಸು. "ನಮ್ಮ ಬಚ್ಚಲ ಹಿಂದೆ ತಾನಾಗೇ ಬೆಳೀತದಲ್ಲ, ಅದನ್ನು ಗದ್ದೆ ಮಾಡಿದ್ದಾರಾ?" ಅಂದರು.

ಅದಕ್ಕೆ ಅಲ್ಲಿ ಕಲೋ ಅನ್ನುತ್ತಾರೆ. ಸಾವಿರ ವರ್ಷದ ಹಿಂದೆ ಪಾಲಿನೇಷ್ಯಾದ ಜನ ನಕ್ಷತ್ರ, ಅಲೆ, ಹಕ್ಕಿ ನೋಡಿಕೊಂಡು ಜೋಡಿ ದೋಣಿಗಳಲ್ಲಿ ಬರುವಾಗ ಜೊತೆಗೆ ತಂದ ಗಿಡ. 1976ರಲ್ಲಿ ಹೋಕೂಲೇಯಾ ಎಂಬ ದೋಣಿ ಒಂದೇ ಒಂದು ಉಪಕರಣ ಇಲ್ಲದೆ ತಹೀತಿಗೆ ಹೋಗಿ ಆ ವಿದ್ಯೆ ಕಟ್ಟುಕತೆಯಲ್ಲ ಅಂತ ತೋರಿಸಿತು. ಕೆಸುವಿನ ಜೊತೆ ಬಾಳೆ, ತೆಂಗು, ಕಬ್ಬು, ಅರಿಶಿನ, ಜೀಗುಜ್ಜೆಯೂ ಬಂದವು. ನಮ್ಮ ಕರಾವಳಿಯ ಹಿತ್ತಿಲೇ ದೋಣಿ ಹತ್ತಿದ ಹಾಗಿದೆ, ಅಲ್ವಾ? ಆಕಾಶದ ದೇವರಿಗೆ ಹುಟ್ಟಿದ ಮೊದಲ ಕೂಸು ಉಸಿರಿಲ್ಲದೆ ಹುಟ್ಟಿತಂತೆ. ಮಣ್ಣು ಮಾಡಿದ ಜಾಗದಲ್ಲಿ ಎದ್ದದ್ದು ಮೊದಲ ಕೆಸು. ಎರಡನೇ ಕೂಸೇ ಮನುಷ್ಯ, ಹಾಲೋವಾ. ಹಾಗಾಗಿ ಕೆಸು ಮನುಷ್ಯನಿಗೆ ಅಣ್ಣ. ಅಣ್ಣ ಊಟ ಹಾಕುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು. ಕೆಸುವಿನ ಗೆಡ್ಡೆ ಬೇಯಿಸಿ ಕುಟ್ಟಿದ ಪೋಯಿ ಬಟ್ಟಲು ತೆರೆದಿದ್ದಾಗ ಮನೆಯಲ್ಲಿ ಜಗಳ ಆಡಬಾರದು ಅನ್ನುವ ಪದ್ಧತಿ ಅದಕ್ಕೇ ಬಂದದ್ದು.

ತಿನ್ನುವ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು ಕೇಳಿ ತಿನ್ನಿ. ಲಾವುಲಾವು ನೋಡಲು ಕೆಸುವಿನೆಲೆಯ ಪೊಟ್ಟಣ, ಪತ್ರೊಡೆಯ ನೆಂಟ ಅನ್ನಿಸುತ್ತದೆ, ಆದರೆ ಒಳಗೆ ಹಂದಿ ಮಾಂಸ. ಪೋಯಿ, ಸಿಹಿಗೆಣಸು, ಬೇಯಿಸಿದ ಜೀಗುಜ್ಜೆ, ತೆಂಗಿನ ಹಾಲಿನ ಹವುಪಿಯಾ ಧೈರ್ಯವಾಗಿ ತಿನ್ನಬಹುದು. ಪೋಯಿ ಒಬ್ಬೊಬ್ಬರಿಗೆ ಇಷ್ಟವಾಗುವುದಿಲ್ಲ. ಹೊಸದು ಸಪ್ಪೆ, ಎರಡು ದಿನದ್ದು ಹುಳಿ. ಹುಳಿಯಾದದ್ದನ್ನು ಕೇಳಿ ತೆಗೆದುಕೊಳ್ಳಿ, ಅಂಬಲಿ ಕುಡಿದು ಬೆಳೆದವರಿಗೆ ಅದೇ ರುಚಿ. ಗೆಡ್ಡೆಯನ್ನು ಹಸಿಯಾಗಿ ಕಚ್ಚಿ ನೋಡಬೇಡಿ, ಗಂಟಲು ತುರಿಸುವುದು ಅಲ್ಲೂ ಒಂದೇ.

ಕೊನೆಯ ಬೆಳಿಗ್ಗೆ ವೈಲುವಾ ನದಿಯ ಬದಿಯ ಹಿಂದೂ ಮಠಕ್ಕೆ ಹೋಗಿ. 1970ರಿಂದ ಇದೆ, ಸನ್ಯಾಸಿಗಳು ನಡೆಸುವ ಶೈವ ಮಠ. ಅಲ್ಲಿಯ ಇರೈವನ್ ದೇವಾಲಯ ಪೂರ್ತಿ ಗ್ರಾನೈಟು. ದ್ವೀಪದಲ್ಲಿ ಗ್ರಾನೈಟು ಎಲ್ಲಿಂದ ಬಂತು? ಬೆಂಗಳೂರಿನ ಹತ್ತಿರ 1990ರಿಂದ ಉಳಿ ಸುತ್ತಿಗೆಯಲ್ಲಿ ಕೆತ್ತಿ, ಹಡಗಿನಲ್ಲಿ ಸಾಗಿಸಿ, ಅಲ್ಲಿ ಜೋಡಿಸಿದ್ದು. ಪ್ರತಿಷ್ಠೆ ಆದದ್ದು 2023ರ ಮಾರ್ಚಿನಲ್ಲಿ. ಹವಾಯಿಯ ದೊಡ್ಡ ದ್ವೀಪಗಳಲ್ಲಿ ಕೌವಾಯಿಯೇ ಮುದುಕ ಅಂತ ನಾನು ಅಪ್ಪನಿಗೆ ಮೂರು ದಿನದಿಂದ ಹೇಳುತ್ತಿದ್ದೆ. ಬೆಂಗಳೂರಿನ ಸುತ್ತಿನ ಕಲ್ಲಿಗೆ ಹತ್ತಿರ ಹತ್ತಿರ 250 ಕೋಟಿ ವರ್ಷ. ಅಪ್ಪ ನಕ್ಕರು, "50 ಲಕ್ಷ ಅಂದ್ರೆ ಮತ್ತೆ ಇದು ಕೂಸು" ಅಂದರು. ಒಳಗೆ ಬಿಡುವುದು ಬೆಳಗಿನ ಹೊತ್ತು ಮಾತ್ರ, ಮೈ ಮುಚ್ಚುವ ಬಟ್ಟೆ ಇರಲಿ, ಹೊರಡುವ ಮೊದಲು ಮಠದ ವೆಬ್‌ಸೈಟು ನೋಡಿಕೊಳ್ಳಿ.

ವಾಪಸ್ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ಬ್ಯಾಗು ನೋಡುತ್ತಾರೆ. ಅನಾನಸ್, ತೆಂಗಿನಕಾಯಿ ಬಿಡುತ್ತಾರೆ. ಮಣ್ಣು ಅಂಟಿದ ಯಾವುದನ್ನೂ ಬಿಡುವುದಿಲ್ಲ. ಅಮ್ಮನ ಕೈಚೀಲವನ್ನು ಹಿಂದಿನ ರಾತ್ರಿಯೇ ಒಮ್ಮೆ ನೀವೇ ನೋಡಿಬಿಡಿ. ನಮ್ಮ ಅಮ್ಮ ಸಂತೆಯಲ್ಲಿ ಕೊಂಡ ಒಂದು ಕೆಸುವಿನ ಗೆಡ್ಡೆಯನ್ನು ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದರು.